ಹತ್ತು ಸಲ ಎದ್ದು ಕೂಡೋದು

ಮಾಡೇವ್ರಿ ಮೇಡಂ, ದಿನಾ ಮಾಡೇವಿ! ಒಂದಿನಾನೂ ತಪ್ಪಿಸಿಲ್ಲ. ಮೆಲ್ಲಕ ಮಾತಾಡೂಣ, ನಮ್ಮ ಮನಿಯವರು ಒಳಗ ಮಲಗ್ಯಾರ. ತಗೋರಿ, ನೀವ ಕೊಟ್ಟ ವ್ಯಾಯಾಮದ ಹಾಳಿ. ಮುಂಜಾನೆ ಹತ್ತು ಸಲ ಕುರ್ಚಿಯಿಂದ ಏಳೋದು, ಕೂಡೋದು... ರೈಟ್ ಹಾಕೀನಿ. ಸಂಜೀಕ ಹತ್ತು... ಅದಕ್ಕೂ ರೈಟ್. ಮ್ಯಾಲೆ ಶಂಕ್ರಪ್ಪ ಅಂತ ಹೆಸರೂ ಐತಿ. ಅಯ್ಯ, ಗಂಡನ ಹೆಸರ ಹಿಡದು ಕರೀಲಿಲ್ರಿ, ಬರದದ್ದು ಓದಿದೆ ಅಷ್ಟ!

ಏನು? ಯಾರು ಎದ್ದು ಕುಂತ್ರು ಅಂತನಾ?... ಮೊದಲನೇ ವಾರ ಅವರ ಮಾಡಿದ್ರು. ಆಮ್ಯಾಲ... ನಾನ್ರಿ. ಯಾಕ ನಗ್ತೀರಿ ಭೂಮಿಕಾ ಮೇಡಂ? ಅವರು ಹಾಸಿಗ್ಯಾಗ ಕುಂತು ಎಣಸ್ತಾರ, ನಾ ಏಳ್ತೀನಿ, ಕೂಡ್ತೀನಿ. "ಆರು... ಏಳು... ಬೆನ್ನ ನೆಟ್ಟಗ ಮಾಡು ದಾಕ್ಷಾಯಿಣಿ" ಅಂತ ನನಗ ಬೈತಾರ ಸೈತ! ಹೆಸರ ಅವರದ ಐತಿ, ಖರೆ. ಗ್ಯಾಸ್ ಬುಕ್ಕಿನಾಗೂ ಅವರದ ಹೆಸರೈತಿ, ಸಿಲಿಂಡರ್ ಹೊತ್ಕೊಂಡ ಬರಾಕಿ ನಾನ ಅಲ್ರಿ?

ನಗ್ರಿ, ನಗ್ರಿ. ಇಲಿಜ್ವರ ಬಂದು ಹುಬ್ಬಳ್ಳಿ ಐಸಿಯುನಾಗ ಇಪ್ಪತ್ನಾಕು ದಿನ ಗಂಟಲಕ್ಕ ಪೈಪ ಹಾಕಿದ್ರಲ್ಲ... ಹೋಗೂವಾಗ ಎಂಬತ್ತೆರಡು ಕೇಜಿ, ಬರೂವಾಗ ಅರವತ್ಮೂರು. ನಾ ದೊಡ್ಡ ಡಾಕ್ಟರಿಗೆ ಕೇಳೇಬಿಟ್ಟೆ, ಉಳದ ಹತ್ತೊಂಬತ್ತು ಕೇಜಿ ಎಲ್ಲಿಟ್ಟೀರಿ, ಕೊಡ್ರಿ ಅಂತ! ಸೋಂಕು ಮೈಗೇರಿದ್ರ ಮೈ ತನ್ನ ಸ್ನಾಯು ತಾನ ತಿಂತೈತಿ, ಮಲಗಿದಷ್ಟೂ ಕರಗ್ತೈತಿ ಅಂದ್ರು. ಅರಬೈಲ್ ಘಾಟಿನ್ಯಾಗ ಲಾರಿ ತಿರುವಿದ ಕೈ ರೀ ಅವು... ಚಾದ ಬಟ್ಲ ಎತ್ತಾಕ ಬರಲಾರದಂಗ ಆಗಿದ್ವು.

ಅವರದು ಹೋದದ್ದು ನನಗ ಬಂದೈತಿ ನೋಡ್ರಿ. ಹಿಡೀರಿ ನನ್ನ ರಟ್ಟಿ, ನಾಚಬ್ಯಾಡ್ರಿ! ಬಚ್ಚಲಕ್ಕ ಬೆನ್ನಮ್ಯಾಲ ಹೊತ್ಕೊಂಡ ಹೋಗ್ತೀನಿ. ನಮ್ಮತ್ತಿ ಅನ್ನಪೂರ್ಣವ್ವ ಸೆರಗಿಲೆ ಮಾರಿ ಮುಚ್ಕೋತಾರ.

ವಾಕರ್ರಾ? ಐತ್ರಿ... ಅದರ ಮ್ಯಾಲ ಹಪ್ಪಳ ಒಣಹಾಕಿದ್ದೆ. ಇಲ್ಲ, ಈಗ ಅಟ್ಟದ ಮ್ಯಾಲೈತಿ. ತುಕ್ಕ ಹಿಡೀತೈತಿ ಅಂತ... ಹಿಡಿಯಂಗಿಲ್ಲೇನು ಅದಕ್ಕ? ಗೊತ್ತಿದ್ದಿಲ್ಲ ನೋಡ್ರಿ.

ಚಾ ಆರಾಕತ್ತೈತಿ, ಕುಡೀರಿ. ಏನ ನೋಡಾಕತ್ತೀರಿ ಗ್ವಾಡಿ ಮ್ಯಾಲ? ಅದು... ಎಣ್ಣಿ ಕೈ ಗುರುತ ರೀ. ಮೈ ತಿಕ್ಕಿ ಬರೂವಾಗ ನಾ ಗ್ವಾಡಿ ಹಿಡೀತೀನಿ. ನಂದ ಕೈ, ಮೇಡಂ. ಅವರ ಖೋಲಿಯಿಂದ ಬಾಗಲದ ತನಕ ನಂದ...

ಹಂಗ ಗ್ವಾಡಿ ನೋಡೂದು, ನನ್ನ ನೋಡೂದು ಮಾಡಬ್ಯಾಡ್ರಿ. ಗುರುತು ನಾ ಕೈ ಊರೂ ಎತ್ತರಕ್ಕಿಂತ ಗೇಣ ಮ್ಯಾಲೈತಿ. ನನಗೂ ಕಣ್ಣದಾವು.



ಮದುವ್ಯಾಗಿ ಹದಿನೆಂಟು ವರ್ಷ ರೀ. ಹದಿನೈದು ದಿನಕ್ಕೊಮ್ಮೆ ಬರೂದು, ಉಣ್ಣೂದು, ಮಲಗೂದು, ಹೊಂಡೂದು. ನಾ ಬದನಿಕಾಯಿ ತಿನ್ನಂಗಿಲ್ಲ ಅಂತ ಅವರಿಗೆ ಈ ತಿಂಗಳ ಗೊತ್ತಾಗೈತಿ! ನಾ ಕರಿಬೇವ ಹರಕೊಂಡ ಬರಾಕ ಹಿತ್ತಲಕ್ಕ ಹೋದ್ರ "ಎಲ್ಲಿ ಹೋಗಿದ್ದಿ, ಎಷ್ಟೊತ್ತು?" ಅಂತ ಕೇಳ್ತಾರ. ಈ ಯಲ್ಲಾಪುರಕ್ಕ ಬಂದ ಮ್ಯಾಲ ನನ್ನ ಯಾರೂ ಹಂಗ ಕೇಳಿದ್ದಿಲ್ಲ, ಮೇಡಂ.

ಹೋದ ವಾರದ ಸೋಮವಾರ... ನಾ ಹೊರಗ ಅರಬಿ ಒಣಹಾಕಾಕತ್ತಿದ್ದೆ. ರೋಡಿನ್ಯಾಗ ಯಾವುದೋ ಲಾರಿ ಹಾರ್ನ್ ಹಾಕ್ತು. ತಿರುಗಿ ನೋಡಿದ್ರ ಬಾಗಲದಾಗ ನಿಂತಾರ! ಒಬ್ಬರ. ಗ್ವಾಡಿ ಹಿಡ್ಕೊಂಡು ಬಂದಾರ. ಕಾಲು ಥರಥರ ನಡಗಾಕತ್ತಾವು, ಕಣ್ಣಾಗ ನೀರು. "ದಾಕ್ಷಾಯಿಣಿ, ಒಂಬತ್ತು ಹೆಜ್ಜಿ!" ಅಂದ್ರು. ನನ್ನ ನೋಡಿ ಅಂದ್ರು... ಅಂದು, ರೋಡ ನೋಡಿದ್ರು.

ಓಡಿ ಹೋಗಿ ಕೈ ಹಿಡದೆ. ಯಾರಾದ್ರೂ ಹಿಡೀತಾರ, ಅಲ್ರಿ? ಹಿಡದು... ವಾಪಸ್ ಕರಕೊಂಡ ಹೋಗಿ ಮಲಗಿಸಿದೆ. ಇಷ್ಟು ಲಗೂ ಎದ್ದರ ನರ ಹರೀತಾವ, ಆರ ತಿಂಗಳ ಏಳಬಾರದು ಅಂತ ಮೇಡಂ ಫೋನ್ ಮಾಡಿ ಹೇಳ್ಯಾರ ಅಂದೆ. ನಿಮ್ಮ ಹೆಸರ ಹೇಳಿದೆ. ಒಂದ ಮಾತ ಕೇಳದ ನಂಬಿದ್ರು... ಅವತ್ತಿನಿಂದ ಕಾಲ ನೆಲಕ್ಕ ಇಟ್ಟಿಲ್ಲ.

ಬೈರಿ ಮೇಡಂ. ಬಾಯಿ ತುಂಬ ಬೈರಿ... ಬೈಯಂಗಿಲ್ಲ ನೀವು.

ಕೆಮ್ಮಿದ್ರು. ಎಚ್ಚರಾಗ್ಯಾರ. ನೀವ ಹೋಗ್ರಿ ಒಳಗ. ಎದ್ದು ಅಡ್ಡಾಡ್ರಿ, ಏನೂ ಆಗಂಗಿಲ್ಲ ಅಂತ ನೀವ ಹೇಳ್ರಿ. ನಾ ಹೇಳೇನಂದ್ರ... ಹನ್ನೆರಡು ದಿನ ಆತು, ಬಾಯಿಂದ ಹೊರಬೀಳವಲ್ದು.