ದೊಡ್ಡ ಅಲೆ ಬಂದ ದಿನ

ಗುಲ್ಬರ್ಗದ ಕಡೆಯ ಜಯಮಾಲಾ ಸಮುದ್ರ ಕಂಡವಳಲ್ಲ. ಹಲಸೂರಿನ ಬಸ್ ನಿಲ್ದಾಣದಲ್ಲಿ ಅವಳ ಪಕ್ಕ ನಿಂತಿದ್ದ ನರೆಗೂದಲಿನವನೂ ಯುವತಿಯೂ ಸಮುದ್ರದ್ದೇ ಮಾತಾಡುತ್ತಿದ್ದರು. ಬೇಡವೆಂದರೂ ಅದು ಕಿವಿಗೆ ಬೀಳುತ್ತಿತ್ತು.

"ಸಾರ್, ಅಲೆ ಎಷ್ಟು ಎತ್ತರ ಬರುತ್ತೆ ಅಂತ ನಮ್ಮ ಕಂಪ್ಯೂಟರ್ ಮಾಡೆಲ್ ಮುಂಚೆ ಹೇಳಿದ್ದೂ, ನೀರಲ್ಲಿ ತೇಲೋ ಅಳತೆಯಂತ್ರ, ಆ ಬೋಯ್, ಅಳೆದಿದ್ದೂ ವರ್ಷಪೂರ್ತಿ ಚೆನ್ನಾಗೇ ಹೊಂದಿದೆ."

"ಮತ್ಯಾಕೆ ಮುಖ ಸಪ್ಪಗಿದೆ, ಸುಪ್ರೀತಾ?"

"ಮೇ ತಿಂಗಳ ಬಿರುಗಾಳಿ ದಿನ ಹೋಲಿಸೋಕೆ ಏನೂ ಇಲ್ಲ ಸಾರ್. ಸರಪಳಿ ಕಿತ್ತು ಬೋಯನ್ನೇ ಅಲೆ ಎಳ್ಕೊಂಡು ಹೋಯ್ತಲ್ಲ."

"ಅಳತೆ ಇಲ್ಲದ ದಿನಾನ ಬಿಟ್ಬಿಡೋದೇ ಪದ್ಧತಿ."

"ಬಿಟ್ಟೆ. ಅದಕ್ಕೇ ಇಷ್ಟು ಒಳ್ಳೇ ಫಲಿತಾಂಶ. ಆವತ್ತು ಮಾಡೆಲ್ ಹೇಳಿದ್ದು ಬರೀ ಒಂದೂವರೆ ಮೀಟರ್."



"ದಡದ ಹತ್ರಾನೇ ಗಾಳಿ ಎದ್ರೆ ನಮ್ಮ ಮಾಡೆಲ್ಲಿಗೆ ಗೊತ್ತೇ ಆಗಲ್ಲ. ನಮ್ಮ ಕೈಲೇನಿದೆ, ಹೇಳು?"

"ಇವತ್ತು ಬೆಳಿಗ್ಗೆ ಮಲ್ಪೆಯಿಂದ ಭಾವ ಫೋನ್ ಮಾಡಿದ್ರು ಸಾರ್. ನಾಳೆ ದೋಣಿ ಇಳಿಸ್ಬಹುದಾ ಅಂತ ಕೇಳಿದ್ರು."

"ಏನಂದೆ?"

"ಮಾಡೆಲ್ ಏನು ಹೇಳುತ್ತೋ ಅದನ್ನೇ ಹೇಳ್ದೆ. ನಾಳೆಗೂ ಅದೇ ಒಂದೂವರೆ ಮೀಟರ್."

"ಅದಕ್ಕವರು?"

"ನೀನೇ ಹೇಳಿದ ಮೇಲೆ ಇನ್ನೇನು, ಹೊರಡ್ತೀನಿ ಅಂದ್ರು."

'ಬ್ಯಾಡ ಅಂತ ಹೇಳವ್ವಾ' ಎಂಬ ಮಾತು ಜಯಮಾಲಾಳ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಅವರ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.