ಬೆಳಗಿನ ಐದು ಗಂಟೆ

ವಿದ್ಯುತ್ ಕಚೇರಿಯಲ್ಲಿ ಸ್ಮಾರ್ಟ್ ಮೀಟರ್ ದೂರಿನ ಸಾಲಿನಲ್ಲಿ ನಿಂತಿದ್ದ ಟೈಲರ್ ಒಬ್ಬನಿಗೆ, ಬೇಡವೆಂದರೂ ಮುಂದಿದ್ದ ಹೆಂಗಸಿನ ಮಾತು ಕಿವಿಗೆ ಬೀಳುತ್ತಿತ್ತು.

"ಹೊಸ ಮೀಟರ್‌ಗೆ ಹುಚ್ಚು ಹಿಡಿದಿದೆ ಸಾರ್. ಮನೇಲಿರೋದು ನಾನೊಬ್ಬಳೇ, ಆದ್ರೂ ಯೂನಿಟ್ ಕಮ್ಮಿನೇ ಆಗ್ತಿಲ್ಲ."

"ಮೊದಲು ಎಷ್ಟು ಜನ ಇದ್ರಿ?" ಕೌಂಟರಿನ ಗುಮಾಸ್ತ ಕೇಳಿದ.

"ನಮ್ಮನೆಯವರಿದ್ರು. ಬಸ್ ಡ್ರೈವರ್. ತೀರಿಕೊಂಡು ನಾಲ್ಕು ತಿಂಗಳಾಯ್ತು."

ಗುಮಾಸ್ತ ಕಂಪ್ಯೂಟರ್ ಪರದೆಯನ್ನು ಅವಳತ್ತ ತಿರುಗಿಸಿದ. "ಈ ಮೀಟರ್ ಗಂಟೆ ಗಂಟೆಯ ಲೆಕ್ಕಾನೂ ತೋರಿಸುತ್ತಮ್ಮ. ನೋಡಿ, ದಿನಾ ಬೆಳಗ್ಗೆ ಐದಕ್ಕೆ ಏನೋ ಆನ್ ಆಗುತ್ತೆ. ಗೀಸರ್ ಇರಬೇಕು."

"ಐದಕ್ಕಾ? ನಾನು ಏಳೋದೇ ಏಳಕ್ಕೆ. ಎದ್ದಾಗ ಸ್ವಿಚ್ ಆನ್ ಇರುತ್ತೆ. ಹಿಂದಿನ ದಿನ ಆರಿಸೋಕೆ ಮರೆತೆ ಅಂದ್ಕೊಂಡಿದ್ದೆ."

"ಮತ್ತೆ ಐದಕ್ಕೆ ಯಾರು ಹಾಕ್ತಾರೆ?"

ಅವಳು ಪರದೆಯಲ್ಲಿ ಐದು ಗಂಟೆಯ ಗೆರೆಯ ಮೇಲೆ ಬೆರಳಿಟ್ಟಳು.

"ನಾನೇ ಸಾರ್," ಅಂದಳು. "ಅವರು ಮೊದಲ ಟ್ರಿಪ್‌ಗೆ ಹೋಗೋರು. ಇಪ್ಪತ್ತೆರಡು ವರ್ಷ ನಿದ್ದೆಗಣ್ಣಲ್ಲೇ ಎದ್ದು, ಅವರ ಸ್ನಾನಕ್ಕೆ ಸ್ವಿಚ್ ಹಾಕಿ, ಮತ್ತೆ ಬಂದು ಮಲಗ್ತಿದ್ದೆ. ಈಗಲೂ ಹಾಕ್ತಿದೀನಿ ಅಂತ ಕಾಣುತ್ತೆ."

ಗುಮಾಸ್ತ ಪರದೆಯನ್ನು ತನ್ನತ್ತ ತಿರುಗಿಸಿಕೊಂಡ. "ದೂರು ಬರ್ಕೊಳ್ಳಲೇನಮ್ಮ?"

"ಬೇಡ ಬಿಡಿ. ಮೀಟರ್‌ಗೇನೂ ಆಗಿಲ್ಲ."

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಟೈಲರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.