ಪಂಚಮಿಯ ಉಂಡಿ

ಯರಗಟ್ಟಿ ಬಸ್‌ ನಿಲ್ದಾಣದಲ್ಲಿ ದುರ್ಗಾ ಮೊಬೈಲಿನಲ್ಲಿ ಕಾದಂಬರಿಯ ಹೊಸ ಕಂತು ಬರೆಯುತ್ತಿದ್ದಳು. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ತಾನಾಗಿಯೇ ಕಲಿತು, ನಾಲ್ಕು ವರ್ಷದಿಂದ ‘ಮಲಪ್ರಭಾ’ ಎಂಬ ಹೆಸರಿನಲ್ಲಿ ಜಾತಿ ಮೀರಿದ ಪ್ರೇಮಕಥೆಗಳನ್ನು ಬರೆಯುತ್ತಿದ್ದಳು. ಓದುವವರು ಸಾವಿರಾರು, ಅವಳು ಯಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಮಗಳು ಹೆಂಗದಾಳ, ರಾಚಕ್ಕ?”

“ಖೋಲ್ಯಾಗ ಕೂಡಿಹಾಕಿ ಕೀಲಿ ಜಡದಾರ. ಐತವಾರ ಮತ್ತೊಬ್ಬನ ಕೂಡ ಲಗ್ನ.”

“ಆ ಬ್ಯಾರೆ ಜಾತಿ ಹುಡುಗನ ಕೂಡ ಲಗ್ನ ಆಗಿ ಪುಣೆಕ್ಕ ಹೋಗಿದ್ಲಲ್ಲ! ಹೆಂಗ ಸಿಕ್ಕಳು?”

“ತಾನ ಅಣ್ಣಗ ಫೋನ್ ಮಾಡ್ಯಾಳ ಕಾಡವ್ವ. ನಾಗರ ಪಂಚಮಿಗೆ ತವರಿಗೆ ಕರಿಯಾಕ ಬಾ ಅಂತ ಮನಿ ಪತ್ತೆ ಕೊಟ್ಟಾಳ.”

“ಹುಚ್ಚಖೋಡಿ! ಅಂವ ಎಂಥಾವ ಅಂತ ಗೊತ್ತಿಲ್ಲೇನ?”

“ಮೊಬೈಲ್‌ನ್ಯಾಗ ಕತಿ ಓದಿದ್ಲಂತ. ಮಲಪ್ರಭಾ ಅನ್ನಾಕಿ ಬರದದ್ದು. ಅದರಾಗ ಅಣ್ಣ ಸಿಟ್ಟು ಬಿಟ್ಟು, ಪಂಚಮಿ ಉಂಡಿ ತಗೊಂಡು ತಂಗಿ ಮನಿಗೆ ಬರತಾನಂತ.”

“ನಿನ್ನ ಮಗಾ?”

“ಇಂವಾನೂ ಉಂಡಿ ಒಯ್ದಿದ್ದ, ಆಕಿ ಬಾಗಲಾ ತಗೀಲಿ ಅಂತ. ನಾನ ಕಟ್ಟಿ ಕೊಟ್ಟಿದ್ದೆ. ನನಗೇನ ಗೊತ್ತಿತ್ತವಾ?”

“ಆ ಹುಡುಗ?”

“ದವಾಖಾನ್ಯಾಗ ಅದಾನ. ಇನ್ನೂ ಕಣ್ಣ ತಗದಿಲ್ಲಂತ.”

ರಾಮದುರ್ಗದ ಬಸ್ಸು ಬಂತು. ಇಬ್ಬರೂ ಮದುವೆ ಸಾಮಾನಿನ ಚೀಲಗಳನ್ನು ಎತ್ತಿಕೊಂಡರು. ದುರ್ಗಾ ಎದ್ದು ಬಸ್ಸಿನ ಬಾಗಿಲ ತನಕ ಓಡಿದಳು.

“ಅವ್ವಾರ, ನಿಮ್ಮೂರ ಯಾವುದ್ರಿ?”

ರಾಚವ್ವ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದಳು.

“ಯಾಕವಾ? ನೀ ಯಾರು?”

ದುರ್ಗಾ ಕೈಲಿದ್ದ ಮೊಬೈಲನ್ನು ಬೆನ್ನ ಹಿಂದೆ ಸರಿಸಿದಳು. ಕಂಡಕ್ಟರ್ ಸೀಟಿ ಊದಿದ.